ಭಾವನ ರಕ್ತ ಮತ್ತು ಒಂದು ಚುಕ್ಕಿ

ಏಕಾದಶಿಯ ಉಪವಾಸದಲ್ಲಿ ತೋಟಕ್ಕೆ ಹೋಗಿ, ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯಲು ಮರವೇರಿದ ಕೊನೆಗೌಡನಿಗೆ ಕೆಳಗಿನಿಂದ ಎರಡು ತಾಸು ಕತ್ತೆತ್ತಿ ಸಲಹೆ ಕೊಟ್ಟಿದ್ದರಿಂದ ನಮ್ಮ ಭಾವನಿಗೆ ತಲೆ ತಿರುಗಿತು. ಅಕ್ಕ ಒಂದು ಲೋಟ ಹಾಲು ಕೊಟ್ಟಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಂದು ಬೆಂಗಳೂರಿನಿಂದ ಅಳಿಯ ಬಂದಿದ್ದ, ಅಂಗಳದಲ್ಲಿ ಕಾರಿತ್ತು. ಕಾರಿದ್ದ ಮೇಲೆ ಶಿರಸಿಗೆ ಹೋಗದಿರುವುದು ಹೇಗೆ?

ಶಿರಸಿಯಲ್ಲಿ ಭಾವನ ಎಡಗೈಯಿಂದ ಐದು ಕೊಳವೆ ರಕ್ತ ತೆಗೆದರು. ನೇರಳೆ, ಕೆಂಪು, ಹಳದಿ, ಬೂದು, ನೀಲಿ ಮುಚ್ಚಳಗಳು ಸಾಲಾಗಿ ನಿಂತಾಗ ಚೌತಿಯ ಫಲಾವಳಿ ನೋಡಿದಂತಾಯಿತು ಎಂದು ಭಾವನೇ ಹೇಳಿದ. ಎಪ್ಪತ್ತೆರಡು ಅಂಶಗಳ ಪ್ಯಾಕೇಜಂತೆ. ತಲೆ ತಿರುಗಿದ್ದಕ್ಕೆ ಇಷ್ಟೆಲ್ಲ ಬೇಕೇ ಎಂದು ಕೇಳಿದರೆ, ಬಿಡಿಯಾಗಿ ಮಾಡಿಸಿದರೆ ದುಬಾರಿ ಎಂಬ ಉತ್ತರ ಬಂತು. ಅಡಿಕೆ ಮಾರುವವನಿಗೆ ಸಗಟಿನ ತರ್ಕ ಅರ್ಥವಾಗದೇ ಇದ್ದೀತೇ?

ವರದಿಯಲ್ಲಿ ಮೂರು ಕಡೆ ದಪ್ಪ ಅಕ್ಷರ, ಅಂದರೆ ಸಹಜ ಮಿತಿಯ ಆಚೆಗಿನ ಅಂಕಿ. ಅಕ್ಕ ದೇವರ ಮುಂದೆ ದೀಪ ಹಚ್ಚಿದಳು. ಇಲ್ಲೊಂದು ಸಣ್ಣ ಲೆಕ್ಕವಿದೆ. ಲ್ಯಾಬಿನ ‘ಸಹಜ ಮಿತಿ’ ಎಂದರೆ ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇ. 95ರಷ್ಟು ಜನರು ಬೀಳುವ ವ್ಯಾಪ್ತಿ. ಉಳಿದ ಐದು ಮಂದಿ ಗಟ್ಟಿಮುಟ್ಟಾಗಿದ್ದರೂ ಗೆರೆಯ ಆಚೆ. ಪರೀಕ್ಷೆಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದಿಟ್ಟುಕೊಂಡರೆ, ಇಪ್ಪತ್ತು ಮಾಡಿಸಿದ ಆರೋಗ್ಯವಂತನಿಗೆ ಒಂದಾದರೂ ದಪ್ಪ ಅಕ್ಷರ ಸಿಗುವ ಸಂಭವ ಶೇ. 64. ಎಪ್ಪತ್ತೆರಡು ಮಾಡಿಸಿದರೆ ನೂರರಲ್ಲಿ ಇಬ್ಬರೋ ಮೂವರೋ ಮಾತ್ರ ನಿಷ್ಕಳಂಕರು. ಭಾವನಿಗೆ ಬಂದದ್ದು ರೋಗವಲ್ಲ, ಲಾಟರಿ.

ದಪ್ಪ ಅಕ್ಷರದ ಬೆನ್ನು ಹತ್ತಿ ಹುಬ್ಬಳ್ಳಿಗೆ ಹೋದರು. ನಮ್ಮ ಜಿಲ್ಲೆಯ ಪದ್ಧತಿಯೇ ಹಾಗೆ: ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ, ಕರಾವಳಿಯವರಿಗೆ ಮಣಿಪಾಲ, ಮಂಗಳೂರು ಅಥವಾ ಗೋವಾ. ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಇಡೀ ಉತ್ತರ ಕನ್ನಡ ಕೂಗಿತ್ತಲ್ಲ, ಆಸ್ಪತ್ರೆ ಬರುವ ಮೊದಲೇ ಅದರ ಒಂದು ವಿಭಾಗ ಬಂದುಬಿಟ್ಟಿದೆ. ತಿರುವಿಗೊಂದು ರಕ್ತ ಸಂಗ್ರಹ ಕೇಂದ್ರ.

ಹುಬ್ಬಳ್ಳಿಯ ಆ ಆಸ್ಪತ್ರೆಯಲ್ಲಿ ಶಿರಸಿಯ ವರದಿಯನ್ನು ನೋಡಿದರು, ಅಂದರೆ ಕಡತದ ತೂಕ ನೋಡಿದರು. ‘ನಮ್ಮ ಲ್ಯಾಬಿನದೇ ಬೇಕು.’ ಮತ್ತೆ ಐದು ಕೊಳವೆ. ಎರಡು ದಿನ ಬಿಟ್ಟು ವಾರ್ಡಿನಲ್ಲಿ ಮತ್ತೆ. ಹೀಗೆ ಎಂಟು ದಿನದಲ್ಲಿ ಭಾವನ ಎಚ್‌ಬಿಎ1ಸಿ ಮೂರು ಸಲ ನೋಡಿದಂತಾಯಿತು. ಕೆಂಪು ರಕ್ತಕಣ ಬದುಕುವುದೇ ಸುಮಾರು 120 ದಿನ. ಅದಕ್ಕೆ ಅಂಟಿದ ಸಕ್ಕರೆಯನ್ನು ಅಳೆದು ಕಳೆದ ಎರಡು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ಅದು. ಅದನ್ನು ವಾರದಲ್ಲಿ ಮೂರು ಬಾರಿ ಮಾಡುವುದೆಂದರೆ, ಸೋಮವಾರ ನೆಟ್ಟ ಅಡಿಕೆ ಸಸಿಯಲ್ಲಿ ಗುರುವಾರ ಕೊನೆ ಇಳಿಸಲು ದೋಟಿ ಹಿಡಿದು ನಿಂತಂತೆ. ಚಾಲಿ ಕೊಳ್ಳುವ ವ್ಯಾಪಾರಿ ಮೂಟೆಗೆ ಒಮ್ಮೆ ಕೈ ಹಾಕಿ, ನಾಲ್ಕು ಅಡಿಕೆ ಕತ್ತರಿಸಿ ದರ ಹೇಳುತ್ತಾನೆ. ಅದೇ ಮೂಟೆಗೆ ದಿನವೂ ಕೈ ಹಾಕಿದರೆ ಕೊನೆಗೆ ಉಳಿಯುವುದು ಗೋಣಿಚೀಲ. ಆಸ್ಪತ್ರೆಯಲ್ಲಿ ದಿನವೂ ರಕ್ತ ತೆಗೆದೇ ರೋಗಿಗೆ ರಕ್ತಹೀನತೆ ಬರುವುದುಂಟು. ಬಂತೆಂದು ತಿಳಿಯಲು ಇನ್ನೊಂದು ರಕ್ತ ಪರೀಕ್ಷೆ ಬೇಕು.

ಇದಕ್ಕೆ ಮದ್ದಿಲ್ಲವೆಂದಲ್ಲ. ವೈದ್ಯರು ಪರೀಕ್ಷೆ ಬರೆಯುವ ಪರದೆಯ ಮೇಲೇ ‘ಇದನ್ನು ಮೊನ್ನೆ ಮಾಡಿದ್ದೀರಿ, ಫಲಿತಾಂಶ ಇಂತಿಷ್ಟು’ ಎಂದು ಕಂಪ್ಯೂಟರ್ ತೋರಿಸಬಹುದು. ದರ ತೋರಿಸಿದರೂ ಕೈ ಬಿಗಿಯಾಗುತ್ತದೆ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಹಾಗೆ ಮಾಡಿ ನೋಡಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷೆಗಳು ಸುಮಾರು ಶೇ. 14 ಇಳಿದಿದ್ದವು. ಪರದೆಯಲ್ಲಿ ಮೊದಲೇ ಗುರುತು ಹಾಕಿಟ್ಟ ಪರೀಕ್ಷೆಗಳ ಪಟ್ಟಿಯಿಂದ ಬೇಡದ್ದನ್ನು ಅಳಿಸಿಟ್ಟರಂತೂ ಇನ್ನೂ ಸುಲಭ.

ಭಾವನ ಆಸ್ಪತ್ರೆಯಲ್ಲೂ ಅಂಥದ್ದೊಂದು ಯಂತ್ರವಿತ್ತು! ನಾನು ಕಣ್ಣಾರೆ ನೋಡಿದೆ. ಕಿರಿಯ ವೈದ್ಯ ಗುಂಡಿ ಒತ್ತಿದ ಕೂಡಲೇ ಹಳದಿ ಚೌಕ ಮೂಡಿತು: ಈ ಪರೀಕ್ಷೆ ಈಗಾಗಲೇ ಆಗಿದೆ, ಮತ್ತೆ ಏಕೆ? ಭಾವನಿಗೆ ತಲೆ ತಿರುಗಿದಂದಿನಿಂದ ‘ಏಕೆ’ ಎಂದು ಕೇಳಿದ ಮೊದಲ ಜೀವ ಅದು. ಜೀವವಲ್ಲ ಎಂಬುದಷ್ಟೇ ಬೇಸರ. ಪಾಪದ ಹುಡುಗ ರಾತ್ರಿಯಿಡೀ ನಿದ್ದೆಗೆಟ್ಟಿದ್ದ. ಆ ಯಂತ್ರ ಪ್ಯಾರಾಸಿಟಮಾಲ್ ಬರೆದರೂ ಅದೇ ಹಳದಿಯಲ್ಲಿ ಎಚ್ಚರಿಸುತ್ತದಂತೆ. ದಿನವಿಡೀ ಬೊಗಳುವ ನಾಯಿಯ ಮಾತಿಗೆ ಕಳ್ಳ ಬಂದ ದಿನ ಯಾರು ಏಳುತ್ತಾರೆ? ಕಾರಣ ಬರೆಯುವ ಜಾಗದಲ್ಲಿ ಅವನು ಒಂದು ಚುಕ್ಕಿ ಇಟ್ಟ. ಬರೀ ಚುಕ್ಕಿ. ಯಂತ್ರ ಅರೆಕ್ಷಣ ಯೋಚಿಸಿ, ಕಾರಣ ಸ್ವೀಕರಿಸಲಾಗಿದೆ ಎಂದಿತು.

ಹಿಂದೆಯೇ ಸೂಜಿ ಹಿಡಿದು ಬಂದ ನರ್ಸ್ ಯಾವ ಕೈ ಎಂದು ಕೇಳಿದಳು. ಭಾವ ನೀಲಿಗಟ್ಟಿದ ಎಡಗೈಯನ್ನೇ ಮತ್ತೆ ಚಾಚಿದ. ಬಲಗೈ ಎಲೆಯಡಿಕೆಯ ಕವಳ ಕಟ್ಟುವುದಕ್ಕೆ ಬೇಕಲ್ಲ.