ಬಡಿಸುವ ಸರದಿ

ಮೊನ್ನೆ ಶನಿವಾರ ಮಗಳ ಶಾಲೆಯಲ್ಲಿ ‘ಸೇವಾ ದಿನ’. ಧಾರ್ಮಿಕ ಸಂಸ್ಥೆಯವರು ನಡೆಸುವ ಶಾಲೆ, ನಾಲ್ಕು ಒಳ್ಳೆಯ ಸಂಸ್ಕಾರ ಕಲಿಯಲಿ ಅಂತಲೇ ಅಲ್ಲಿಗೆ ಸೇರಿಸಿದ್ದು. ಮಕ್ಕಳನ್ನು ಬಸ್ಸಿನಲ್ಲಿ ಒಂದು ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋದರು, ಅವರ ಕೈಯಿಂದ ಅಜ್ಜ ಅಜ್ಜಿಯರಿಗೆ ಬಾಳೆಹಣ್ಣು, ಬಿಸ್ಕತ್ ಪ್ಯಾಕೆಟ್ ಕೊಡಿಸಿದರು, ಫೋಟೋ ತೆಗೆದರು, ಮುಕ್ಕಾಲು ಗಂಟೆಗೆಲ್ಲ ವಾಪಸ್. ನೀನು ಹಣ್ಣು ಕೊಟ್ಟ ಅಜ್ಜಿಯ ಹೆಸರೇನು ಪುಟ್ಟಾ ಅಂತ ಸಂಜೆ ಕೇಳಿದೆ. ‘ಮಾತಾಡ್ಸೋಕೆ ಟೈಮೇ ಇರ್ಲಿಲ್ಲ ಅಪ್ಪಾ’ ಅಂದಳು. ಅವಳ ತಪ್ಪಲ್ಲ. ಆದರೂ ತುಂಬಾ ಬೇಜಾರಾಯಿತು.

ನಾನು ಹೈಸ್ಕೂಲು ಓದಿದ್ದು ತುಮಕೂರಿನ ಸಿದ್ಧಗಂಗಾ ಮಠದಲ್ಲಿ. ಅಲ್ಲಿ ಸೇವೆಗೆ ಅಂತ ಒಂದು ದಿನ ಇರಲಿಲ್ಲ, ಸರದಿ ಇತ್ತು. ಇವತ್ತು ನಾನು ಉಂಡೆ, ನಾಳೆ ನಾನು ಬಡಿಸಬೇಕು, ಅಷ್ಟೇ. ಮೊದಲ ಸಲ ಸಾರಿನ ಬಕೆಟ್ ಹಿಡಿದದ್ದು ಇನ್ನೂ ನೆನಪಿದೆ. ಕಣ್ಣು ಹಾಯುವಷ್ಟು ಉದ್ದಕ್ಕೂ ಕೂತ ಹುಡುಗರು, ತಟ್ಟೆಗಳ ಸದ್ದು, ಮುದ್ದೆಯ ಹಬೆ. ಬೇಗ ಮುಗಿಸೋಣ ಅಂತ ನಿಂತಲ್ಲಿಂದಲೇ ಸೌಟು ಬಗ್ಗಿಸಿದೆ, ಬಿಸಿ ಸಾರು ಒಬ್ಬ ಚಿಕ್ಕ ಹುಡುಗನ ಮೊಣಕಾಲಿಗೆ ಬಿತ್ತು. ಹಿಂದೆ ಅನ್ನದ ಪಾತ್ರೆ ಹಿಡಿದು ಬರುತ್ತಿದ್ದ ಹತ್ತನೇ ಕ್ಲಾಸಿನ ಅಣ್ಣ ಬೈಯಲಿಲ್ಲ. ‘ನಿಂತು ಸುರೀಬೇಡ ಕಣೋ, ಬಗ್ಗಿ ಬಡಿಸು’ ಅಂದ. ಬಗ್ಗಿದಾಗಲೇ ಆ ಹುಡುಗನ ಮುಖ ಕಂಡದ್ದು. ಕಣ್ಣಲ್ಲಿ ನೀರಿತ್ತು.

ಶಿವಕುಮಾರ ಸ್ವಾಮೀಜಿಯವರನ್ನು ನಾವು ಬುದ್ಧಿಯವರು ಅಂತಲೇ ಕರೆಯುತ್ತಿದ್ದೆವು. 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಸುದ್ದಿ ಹೊರಗೆ ಹೇಳಿದರು. ಅವರ ಇಷ್ಟವೂ ಅದೇ ಆಗಿತ್ತು. ಸುಮಾರು 10,000 ಮಕ್ಕಳು, ಎಲ್ಲ ಜಾತಿ, ಎಲ್ಲ ಧರ್ಮದವರು. ದಾಸೋಹ ಅಂದರೇನು ಅಂತ ನಮಗೆ ಯಾರೂ ಪಾಠ ಮಾಡಬೇಕಾಗಿರಲಿಲ್ಲ.

ಬಡವರ ಮನೆಯ ಹುಡುಗರೇ ಜಾಸ್ತಿ ಇದ್ದೆವು. ನಿಮಗೆ ಸಹಾಯ ಮಾಡ್ತಿದ್ದೀವಿ ಅನ್ನುವ ಥರ ಯಾರೂ ನಮ್ಮನ್ನು ನೋಡಲಿಲ್ಲ, ಯಾಕೆಂದರೆ ಕೊಡುವ ಕೈಯೂ ನಮ್ಮದೇ ಆಗಿತ್ತು. ನನಗೆ ಇದು ಬಹಳ ದೊಡ್ಡ ವಿಷಯ. ಬೀದರ್‌ನಲ್ಲಿರುವ ಸಿಖ್ಖರ ನಾನಕ್ ಝೀರಾ ಗುರುದ್ವಾರದ ಲಂಗರ್‌ನಲ್ಲೂ, ಅಂದರೆ ಬಂದವರಿಗೆಲ್ಲ ಊಟ ಹಾಕುವ ಅಲ್ಲಿನ ಅಡುಗೆಮನೆಯಲ್ಲೂ ಹೀಗೇ, ಈಗ ಪಕ್ಕದಲ್ಲಿ ಕೂತು ಉಂಡವರೇ ಆಮೇಲೆ ಪಾತ್ರೆ ತೊಳೆಯಲು ನಿಲ್ಲುತ್ತಾರೆ.

ಪೋಷಕರ ಸಭೆಯಲ್ಲಿ ಇದನ್ನೇ ಹೇಳಿದೆ. ವರ್ಷಕ್ಕೊಂದು ಬಸ್ ಟ್ರಿಪ್ ಬೇಡ, ಶಾಲೆಯಲ್ಲೇ ಮಧ್ಯಾಹ್ನ ದೊಡ್ಡ ಮಕ್ಕಳು ಚಿಕ್ಕವರಿಗೆ ಬಡಿಸಲಿ, ತಮ್ಮ ಕ್ಲಾಸು ತಾವೇ ಗುಡಿಸಲಿ, ವೃದ್ಧಾಶ್ರಮಕ್ಕೆ ಹೋಗುವುದಾದರೆ ಒಂದೇ ಕಡೆ ಪ್ರತಿ ತಿಂಗಳೂ ಹೋಗಲಿ ಅಂತ. ಒಬ್ಬರು ಎದ್ದು, ‘ಇಷ್ಟು ಫೀಸ್ ಕಟ್ಟಿ ನಮ್ಮ ಮಗು ಯಾಕೆ ಪೊರಕೆ ಹಿಡೀಬೇಕು?’ ಅಂದರು. ಅವರ ಮೇಲೆ ನನಗೆ ಕೋಪ ಇಲ್ಲ. ಆದರೆ ಮಗು ಪೊರಕೆ ಹಿಡಿದರೆ ಮರ್ಯಾದೆ ಹೋಗುತ್ತೆ ಅಂತ ನಾವೇ ಮನೆಯಲ್ಲಿ ಕಲಿಸಿದರೆ, ದಿನಾ ಕ್ಲಾಸ್ ಗುಡಿಸುವ ಆ ಆಯಮ್ಮನನ್ನು ಮಗು ಹೇಗೆ ನೋಡುತ್ತೆ ಹೇಳಿ?

ಈ ಭಾನುವಾರ ನಾನೂ ಮಗಳೂ ಆ ವೃದ್ಧಾಶ್ರಮಕ್ಕೆ ಮತ್ತೆ ಹೋಗುತ್ತಿದ್ದೇವೆ. ಊಟದ ಹೊತ್ತಿಗೆ ಬನ್ನಿ, ಬಡಿಸೋಕೆ ಜನ ಬೇಕು ಅಂದಿದ್ದಾರೆ.