ನಾಲ್ಕು ಬೆರಳಿನ ಈಡು

ಇವತ್ತು ಬೆಳಿಗ್ಗೆ ಏಳೂವರೆಗೆ ದೋಸೆಯ ಮೊದಲ ತುಂಡು ಚಟ್ನಿಗೆ ಅದ್ದಿದ್ದೆ. ತೋಟದ ಕಡೆಯಿಂದ 'ಧೊಪ್' ಅಂತು. ಮಂಗ ಕಿತ್ತು ಕೆಡವಿದ ಎಳನೀರು. ಎರಡನೇ ಧೊಪ್ಪಿಗೆ ಹೆಂಡತಿ ನನ್ನ ಮುಖ ನೋಡಿದಳು. ಮೂರನೆಯದಕ್ಕೆ ತಟ್ಟೆ ಬಿಟ್ಟು ಎದ್ದೆ. ಮಲೆನಾಡಿನಲ್ಲಿ ತೋಟ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅವರ ಮನೆಯ ದೋಸೆಯೂ ಹೀಗೇ ಆರಿರುತ್ತದೆ.

ನಮ್ಮಲ್ಲಿರುವುದು ಅಜ್ಜನ ಕಾಲದ ಒಂಟಿ ನಳಿಗೆಯ ಕೇಪಿನ ಕೋವಿ. ಲೈಸೆನ್ಸಿನಲ್ಲಿ ಅದರ ಹೆಸರು ಎಸ್‌ಬಿಎಂಎಲ್, ಅಂದರೆ ಒಂಟಿ ನಳಿಗೆಯ, ಬಾಯಿಂದ ತುಂಬುವ ಕೋವಿ; ಉದ್ದೇಶ 'ಬೆಳೆ ರಕ್ಷಣೆ'. ತೋಟೆ ಕೋವಿ ಇರುವ ಪುಣ್ಯವಂತರು ನಳಿಗೆ ಮಡಚಿ, ತೋಟೆ ತುರುಕಿ, ಢಂ ಅನ್ನಿಸಿ ಕಾಫಿಗೆ ಬಂದುಬಿಡುತ್ತಾರೆ. ನಮ್ಮದಕ್ಕೆ ಹಟಮಾರಿ ಮಗುವಿನ ಹಾಗೆ ಬಾಯಿಂದ ಉಣ್ಣಿಸಬೇಕು. ಮೊದಲು ಮದ್ದು, ಅದರ ಮೇಲೆ ಕತ್ತ ಅಂದರೆ ತೆಂಗಿನ ನಾರು, ಗಜ ಎಂಬ ಉದ್ದ ಸಲಾಕೆ ಹಾಕಿ ಜಡಿಯುವುದು, ಕೊನೆಗೆ ಹಿಂಬದಿಯ ಮೊಳೆಯಂಥ ತುದಿಗೆ ತಾಮ್ರದ ಕೇಪು, ಬಡಿದರೆ ಕಿಡಿ ಕಾರುವ ಪುಟ್ಟ ಟೋಪಿ. ಮಂಗನಿಗೆ ಸದ್ದು ಸಾಕು, ಚರೆ ಹಾಕುವುದಿಲ್ಲ. ಇಷ್ಟು ಉಣ್ಣಿಸುವಷ್ಟರಲ್ಲಿ ಮಂಗಗಳ ಊಟ ಮುಗಿದು ಎಲೆಯಡಿಕೆಯ ಹೊತ್ತಾಗಿರುತ್ತದೆ. ಅಡಿಕೆ ತೋಟವೇ ಆದ್ದರಿಂದ ಅದಕ್ಕೂ ಕೊರತೆಯಿಲ್ಲ, ಎಳೆಕಾಯಿ ಕಚ್ಚಿ ಹೀರಿ ಹೀರಿ ಎಸೆಯುತ್ತವೆ.

ಹಾಗೆ ನೋಡಿದರೆ ಕೇಪು ಬಂದದ್ದೇ 19ನೇ ಶತಮಾನದಲ್ಲಿ. ಟಿಪ್ಪುವಿನ ಶ್ರೀರಂಗಪಟ್ಟಣದಲ್ಲಿ ಹುಲಿಪಟ್ಟೆ ಕೆತ್ತಿ ಮಾಡಿದ ಕೋವಿಗಳು ಚಕಮಕಿ ಕಲ್ಲಿನವು. ಕುದುರೆ ಅಂದರೆ ಕೋವಿಯ ಬಡಿಯುವ ಕೊಕ್ಕೆ, ಅದರ ಬಾಯಿಗೆ ಕಲ್ಲು ಕಚ್ಚಿಸಬೇಕು. ಅದು ಉಕ್ಕಿಗೆ ಬಡಿಯಬೇಕು, ಕಿಡಿ ಪಕ್ಕದ ಪುಟ್ಟ ಬಟ್ಟಲಿನ ಚಿಟಿಕೆ ಮದ್ದಿಗೆ ಬೀಳಬೇಕು, ಅಲ್ಲಿಂದ ಬೆಂಕಿ ಸೂಜಿತೂತಿನಲ್ಲಿ ನುಸುಳಿ ನಳಿಗೆಯೊಳಗೆ ಹೋಗಬೇಕು. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆ ಮಳೆಯಲ್ಲಿ ಆ ಬಟ್ಟಲಿಗೆ ಕೊಡೆ ಹಿಡಿಯಲೆಂದೇ ಒಂದು ಆಳು ಬೇಕಾಗುತ್ತಿತ್ತು. ಈಗ ಅಂಥ ಆಳೆಲ್ಲಿ? ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವ ಕೊನೆಗಾರನೇ ಎರಡು ವಾರದಿಂದ ಫೋನ್ ಎತ್ತುತ್ತಿಲ್ಲ.

ಆದರೆ ನನ್ನ ಮುಖ್ಯ ತಾಪತ್ರಯ ಕೋವಿಯಲ್ಲ, ಮೇಲಿನ ಮನೆ ದೊಡ್ಡಪ್ಪ. ಎಂಬತ್ತೊಂದು ವರ್ಷ. ಕಿವಿ ಮಂದ, ಪಕ್ಕದಲ್ಲಿ ಕೂತು 'ಬಿಲ್ಲು ಕಟ್ಟಿದಿರಾ' ಅಂದರೆ 'ಬೆಲ್ಲ ಬೇಡ' ಅನ್ನುತ್ತಾರೆ. ಆದರೆ ನಮ್ಮ ಅಂಗಳದಲ್ಲಿ ಗಜ ನಳಿಗೆಗೆ ತಾಗಿ 'ಟಿಣ್' ಅಂದರೆ ಸಾಕು, ಆ ಸದ್ದು ಅವರಿಗೆ ಗುಡ್ಡದಾಚೆಗೂ ಕೇಳುತ್ತದೆ. ಕಂಬಳಿಕೊಪ್ಪೆ ಹಾಕಿಕೊಂಡು ಇಳಿದೇಬಿಡುತ್ತಾರೆ. ಬಂದವರೇ ಕೇಳುವುದು ಒಂದೇ ಪ್ರಶ್ನೆ.

"ಎಷ್ಟು ಬೆರಳು?"

ಈಡು ಅಂದರೆ ಒಂದು ಸಲಕ್ಕೆ ತುಂಬುವ ಮದ್ದು, ಕತ್ತ. ಅದನ್ನು ತುಂಬಿದ ಮೇಲೆ ಗಜ ನಳಿಗೆಯಿಂದ ಎಷ್ಟು ಬೆರಳು ಹೊರಗೆ ನಿಲ್ಲುತ್ತದೆ ಎಂಬುದು ಈಡಿನ ಅಳತೆ.

"ಮೂರು, ದೊಡ್ಡಪ್ಪ."

"ಮೂರಾ? ಮಂಗ ಯಾರೋ ಕೆಮ್ಮಿದ್ರು ಅಂತ ತಿಳ್ಕೊಳ್ತದೆ. ನಾಲ್ಕು ಮಾಡು ಮಾಣಿ."

ಮಾಣಿಗೆ, ಅಂದರೆ ನನಗೆ, ಐವತ್ತೆರಡು. ಬೆರಳು ಯಾರದು ಎಂಬ ಚರ್ಚೆ ಆಮೇಲೆ. ನನ್ನ ನಾಲ್ಕು ಬೆರಳು ಅವರ ಮೂರಕ್ಕೆ ಸಮ. ಹಾರೆ ಹಿಡಿದ ಬೆರಳು, ಕೀಲಿಮಣೆ ಒತ್ತಿದ ಬೆರಳು ಒಂದೇ ಆಗುವುದು ಹೇಗೆ? ಅದು ಮುಗಿದರೆ ಕತ್ತದ್ದು: ಹೊಸ ನಾರು ಬೇಡ, ಜಾರುತ್ತದೆ, ಹಳೇ ಹಗ್ಗ ಬಿಚ್ಚು. ಅದಾದ ಮೇಲೆ ಕೇಪು ಕೂರುವ ತೂತಿಗೆ ಗುಂಡುಸೂಜಿ ಹಾಕಿ ಮಸಿ ತೆಗಿ. ಇಷ್ಟರ ನಡುವೆ ಎಲ್ಲೋ ಒಂದು ಕಡೆ ಶಿಕಾರಿ ಕಥೆ ಶುರುವಾಗುತ್ತದೆ. ದೊಡ್ಡಪ್ಪನ ಶಿಕಾರಿಗಳೆಲ್ಲ 1972ಕ್ಕೆ ಮುಂಚಿನವು. ವನ್ಯಜೀವಿ ಕಾಯ್ದೆ ಬಂದದ್ದು ಅದೇ ವರ್ಷ ಎಂದು ಅವರಿಗೆ ಚೆನ್ನಾಗಿ ನೆನಪಿದೆ. ವರ್ಷಕ್ಕೊಂದಷ್ಟು ಹೊಸ ಹಂದಿಗಳು ಬೀಳುವುದರಿಂದ ಹಳೇ ಕಥೆಗಳು ಹಿಂದೆ ಹಿಂದೆ ಸರಿಯುತ್ತಿವೆ. ಮೊನ್ನೆಯ ಕಥೆಗೆ ಲೆಕ್ಕ ಹಾಕಿದೆ, ಆ ಒಂಟಿಹಂದಿ ಬಿದ್ದಾಗ ಅವರಿಗೆ ಆರು ವರ್ಷ.

ಇವತ್ತೂ ಬಂದರು. ನಾಲ್ಕು ಬೆರಳಾಯಿತು. ನಳಿಗೆ ಆಕಾಶಕ್ಕೆ ಹಿಡಿದು ಕುದುರೆ ಎಳೆದು ಬಿಟ್ಟೆ.

ಟಕ್.

ತೆಂಗಿನ ಮರದ ಮೇಲಿದ್ದ ಗಡವ, ದೊಡ್ಡ ಗಂಡು ಮಂಗ, ತಿನ್ನುವುದು ನಿಲ್ಲಿಸಿ ನನ್ನನ್ನು ನೋಡಿತು. ಇನ್ನೊಂದು ಕೇಪು. ಟಕ್. ಅದು ಮತ್ತೆ ತಿನ್ನತೊಡಗಿತು.

"ಬಾಯಿ ಮೇಲೇ ಇರಲಿ! ಮೂವತ್ತು ಎಣಿಸು!" ಅಂದರು ದೊಡ್ಡಪ್ಪ. ಈ ಒಂದು ವಿಷಯದಲ್ಲಿ ಅವರ ಮಾತು ಮೀರುವಂತಿಲ್ಲ. ಒಳಗೆ ಎಲ್ಲೋ ಕಿಡಿ ಹೊಗೆಯಾಡುತ್ತಿದ್ದರೆ ತಡವಾಗಿ ಹಾರುತ್ತದೆ. ಮಳೆಯಲ್ಲಿ ನೆನೆಯುತ್ತ, ಕೋವಿಯನ್ನು ಧ್ವಜಸ್ತಂಭದ ಹಾಗೆ ಹಿಡಿದು, ಗಟ್ಟಿಯಾಗಿ ಒಂದು, ಎರಡು ಎಂದು ಎಣಿಸಿದೆ. ಹದಿನೇಳಕ್ಕೆ ನಾಲ್ಕನೇ ಎಳನೀರು ಬಿತ್ತು.

ಮದ್ದು ಥಂಡಿ ಹಿಡಿದದ್ದು ಮಳೆಯ ತಪ್ಪು. ನಳಿಗೆ ತುಕ್ಕು ಹಿಡಿದದ್ದು ಪ್ರಜಾಪ್ರಭುತ್ವದ್ದು. ಚುನಾವಣೆ ಅಂದಕೂಡಲೇ ಕೋವಿಗಳು ಠಾಣೆಗೆ ಹೋಗಬೇಕಲ್ಲ. 2024ರಲ್ಲಿ ಘೋಷಣೆ ಮಾರ್ಚ್ 16ಕ್ಕೆ, ಎಣಿಕೆ ಜೂನ್ 4ಕ್ಕೆ. ಆ ಬೇಸಿಗೆಯೆಲ್ಲ ಮಂಗಗಳು ನೀತಿಸಂಹಿತೆಯ ಭಯವಿಲ್ಲದೆ ಉಂಡವು. ಕೋವಿ ಮಳೆಗಾಲ ಹಿಡಿದ ಮೇಲೆ ಕೊರಳಲ್ಲೊಂದು ಚೀಟಿ, ಮೈಯೆಲ್ಲ ಕುಂಕುಮ ಬಳಿದುಕೊಂಡು ಮನೆಗೆ ಬಂತು. ನಿಯಮ ನಿಯಮವೇ, ಒಪ್ಪೋಣ. ಆದರೆ ಈ ಕೋವಿ ಹಿಡಿದು ನಾನು ಮತಗಟ್ಟೆ ವಶ ಮಾಡಿಕೊಳ್ಳಲು ಹೋದರೆ, ಎರಡನೇ ಈಡು ತುಂಬುವಷ್ಟರಲ್ಲಿ ಮುಂದಿನ ಚುನಾವಣೆ ಘೋಷಣೆಯಾಗಿರುತ್ತದೆ.

ಮೂವತ್ತು ಆಯಿತು. ಕೇಪು ತೆಗೆದು, ಸೂಜಿ ಹಾಕಿದೆ. "ಕತ್ತ ಸಡಿಲ ಆಗಿರ್ತದೆ, ಇನ್ನೊಂದು ಸಲ ಜಡಿ" ಅಂದರು. ಗಜ ಇಳಿಸಿ ಜಡಿದೆ. "ಹೀಗೇ ಒಂದ್ಸಲ ಕೆರೆ ಹಿಂದೆ, ಅರವತ್ತೆಂಟನೇ ಇಸವಿ..." ಎಂದು ದೊಡ್ಡಪ್ಪ ಕಥೆ ತೆಗೆದದ್ದು ಸರಿಯಾಗಿ ಆ ಗಳಿಗೆಯಲ್ಲಿ. ನಾನು ಹೂಂಗುಟ್ಟುತ್ತಿದ್ದೆ. ಕಥೆಯಲ್ಲಿ ಹಂದಿ ಪೊದೆಯಿಂದ ಹೊರಗೆ ಬರುವುದಕ್ಕೂ ಗಡವ ನಮ್ಮ ಬಾಳೆಗೊನೆಗೆ ಹಾರುವುದಕ್ಕೂ ಸರಿಹೋಯಿತು. ಅದು ಚೌತಿಗೆಂದು ಮೂರು ತಿಂಗಳಿಂದ ಕಾದಿಟ್ಟ ಪುಟ್ಟಬಾಳೆ ಗೊನೆ. ಕೇಪು ಒತ್ತಿ ಹೊಡೆದೇಬಿಟ್ಟೆ.

ಢಂ!

ಆದರೆ ಸದ್ದಿಗೆ ಇವತ್ತು 'ಸುಂಯ್' ಅಂತ ಒಂದು ಬಾಲವಿತ್ತು. ಹೊಗೆ ಕರಗಿದ ಮೇಲೆ ದೊಡ್ಡಪ್ಪ ನನ್ನ ಬರಿಗೈ ನೋಡಿದರು. ನಾನು ನಳಿಗೆಯ ಬಾಯಿ ನೋಡಿದೆ.

"ಗಜ ಎಲ್ಲಿ ಮಾಣಿ?"

ಗಜ ಅಂಗಳದಾಚೆ, ತೋಟದಾಚೆ, ಐವತ್ತು ಅಡಿ ಎತ್ತರದ ಅಡಿಕೆ ಮರದ ಸುಳಿಯಲ್ಲಿ ಅಗರಬತ್ತಿಯ ಹಾಗೆ ನೆಟ್ಟಗೆ ನಿಂತಿತ್ತು. ಗಡವ ಒಂದು ನಿಮಿಷ ಕಾಣೆಯಾಗಿದ್ದು ಆ ಮರದ ಪಕ್ಕದ ಮರಕ್ಕೇ ಬಂತು. ಗಜವನ್ನು ಮುಟ್ಟಿತು, ಮೂಸಿತು, ರುಚಿ ಹಿಡಿಸದೆ ಬಿಟ್ಟಿತು. ಮೊನ್ನೆ ಮಗ ಫೋನಿನಲ್ಲಿ ಹೇಳುತ್ತಿದ್ದ, 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ಮಂಗ ಓಡಿಸಲು ನಾಯಿಗೆ ಹೇರ್‌ಡೈ ಹಚ್ಚಿ ಹುಲಿ ಮಾಡಿದ್ದರಂತೆ, ನೀವೂ ಮಾಡಿ ಅಂತ. ನಕ್ಕಿದ್ದೆ. ಈಗ ನಮ್ಮ ನಾಯಿಯ ಬಣ್ಣ ಯಾವುದಕ್ಕೆ ಹೊಂದುತ್ತದೆ ಎಂದು ನೋಡುತ್ತಿದ್ದೇನೆ.

ಸದ್ದು ಗುಡ್ಡಕ್ಕೆ ಬಡಿದು ತಿರುಗಿ ಬಂತು, ಬೇರಾವ ಸದ್ದೂ ಬರಲಿಲ್ಲ. ಚಿಕ್ಕಂದಿನಲ್ಲಿ ಹೀಗಿರಲಿಲ್ಲ. ಒಂದು ಮನೆಯ ಈಡಿಗೆ ಇನ್ನೊಂದು ಮನೆಯಿಂದ ಈಡು ಉತ್ತರ ಕೊಡುತ್ತಿತ್ತು, ಮಂಗಗಳ ಹಿಂಡನ್ನು ತೋಟದಿಂದ ತೋಟಕ್ಕೆ ದಾಟಿಸಿಬಿಡುತ್ತಿದ್ದರು. ಜಗಲಿಯಲ್ಲಿ ಕೂತ ಅಜ್ಜ ಸದ್ದು ಕೇಳಿಯೇ ಇದು ಹೊಳೆಬದಿಯವರದ್ದು, ಇದು ಕೆಳಮನೆಯದು, ಮದ್ದು ಜಾಸ್ತಿ ಹಾಕಿದ್ದಾನೆ ಮಾರಾಯ, ಅನ್ನುತ್ತಿದ್ದ. ಹೊಳೆಬದಿಯ ಮನೆಗೆ ಈಗ ಬೀಗ. ಕೆಳಮನೆಯ ಮಕ್ಕಳು ಅಪ್ಪನ ಲೈಸೆನ್ಸ್ ಮುಂದುವರಿಸಲಿಲ್ಲ. ದೊಡ್ಡಪ್ಪ ತಮ್ಮ ಕೋವಿಯನ್ನು ಕೈ ನಡುಗುತ್ತದೆಂದು ತಾವೇ ಒಪ್ಪಿಸಿ ಬಂದರು, ಆಮೇಲೆ ಮೂರು ದಿನ ನಮ್ಮನೆ ಕಡೆ ಇಳಿಯಲಿಲ್ಲ.

ಕೊನೆಗಾರನಿಗೆ ಮತ್ತೆ ಫೋನ್ ಮಾಡಿದೆ. ಆಶ್ಚರ್ಯ, ಎತ್ತಿದ. ಬೋರ್ಡೋ ಅಂದರೆ 'ಮಳೆ ಬಿಡ್ಲಿ' ಅಂದವನು, ಮರದ ಮೇಲೆ ಗಜ ಅಂದಕೂಡಲೇ ಎರಡು ಸಲ ಹೇಳಿಸಿ, ಪಕ್ಕದಲ್ಲಿದ್ದವರಿಗೂ ಕೇಳಿಸಿ, ಸಂಜೆಯೇ ನೋಡಲು ಬರುತ್ತೇನೆ ಅಂದ. ಹತ್ತಲು ಅಲ್ಲವಂತೆ, ನೋಡಲು.

ದೊಡ್ಡಪ್ಪ ಇನ್ನೂ ಅಂಗಳದಲ್ಲೇ, ಹುಬ್ಬಿಗೆ ಕೈ ಅಡ್ಡ ಹಿಡಿದು ಆ ಮರವನ್ನೇ ನೋಡುತ್ತ ನಿಂತಿದ್ದರು. ಬೈಗುಳ ಬರುತ್ತದೆಂದು ಹತ್ತಿರ ಹೋದೆ.

"ಮೂರೇ ಬೆರಳಾಗಿದ್ರೆ," ಅಂದರು, "ಅಷ್ಟು ದೂರ ಹೋಗ್ತಿತ್ತಾ ಹೇಳು?"