ರಾತ್ರಿ ಎಂಟು ಗಂಟೆಯ ವೇಗ ಎಷ್ಟು?

ಮನೆಯ ಇಂಟರ್‌ನೆಟ್ ವೇಗ ಎಷ್ಟು ಎಂದು ಯಾರನ್ನೇ ಕೇಳಿ, ತಾವು ಕೊಂಡ ಪ್ಲ್ಯಾನಿನ ಅಂಕಿಯನ್ನು ಹೇಳುತ್ತಾರೆ: ನೂರು ಎಂಬಿಪಿಎಸ್ (ಸೆಕೆಂಡಿಗೆ ನೂರು ಮೆಗಾಬಿಟ್), ಇನ್ನೂರು ಎಂಬಿಪಿಎಸ್. ಆ ಅಂಕಿ ಕಂಪನಿಯದು, ಮನೆಯದಲ್ಲ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನೆಲೆಸಿರುವ ನಾನು ಹಾಸನದಲ್ಲಿರುವ ಅಕ್ಕನ ಮನೆಯ ಸಂಪರ್ಕದ ತಾಪತ್ರಯಗಳನ್ನೂ ಇಲ್ಲಿಂದಲೇ ವಿಚಾರಿಸಿಕೊಳ್ಳುತ್ತೇನೆ. ಎರಡೂ ಕಡೆಯ ರೀತಿ ನೋಡಿದ ಮೇಲೆ ಒಂದು ಮಾತು ಖಚಿತವಾಗಿದೆ. ವೇಗವನ್ನು ಅಳೆಯಬೇಕಾದದ್ದು ಎಲ್ಲರೂ ಮನೆಯಲ್ಲಿರುವ ಹೊತ್ತಿನಲ್ಲಿ, ಮತ್ತು ಆ ಹೊತ್ತಿನ ಅಂಕಿಯನ್ನು ಬರೆದುಕೊಡಬೇಕಾದವರು ಸೇವೆ ಮಾರುವವರು.

ಬ್ರಾಡ್‌ಬ್ಯಾಂಡ್‌ಗೆ ಮೊದಲು ಫೋನ್ ತಂತಿಯಲ್ಲಿ ಕರೆ ಮಾಡಿ ಇಂಟರ್‌ನೆಟ್ ಪಡೆಯುತ್ತಿದ್ದ ಡಯಲ್-ಅಪ್ ಎಂದರೆ ಮೋಡೆಮ್‌ನ ಕೀರಲು ಸದ್ದು ನೆನಪಾಗುತ್ತದೆ. ಆ ಸದ್ದಿಗೆ ಅರ್ಥವಿತ್ತು. ಈ ತುದಿಯ ಮೋಡೆಮ್ ಆ ತುದಿಯ ಮೋಡೆಮ್‌ನೊಂದಿಗೆ ತಂತಿಯ ಗುಣವನ್ನು ಪರೀಕ್ಷಿಸಿ, ಎಷ್ಟು ವೇಗದಲ್ಲಿ ಮಾತಾಡಬಹುದು ಎಂದು ಒಪ್ಪಂದಕ್ಕೆ ಬರುತ್ತಿತ್ತು. ಡಬ್ಬಿಯ ಮೇಲೆ 56 ಕೆಬಿಪಿಎಸ್ (ಸಾವಿರ ಕೆಬಿಪಿಎಸ್‌ಗೆ ಒಂದು ಎಂಬಿಪಿಎಸ್) ಎಂದಿದ್ದರೂ ಸಂಪರ್ಕ ಸಿಕ್ಕ ಕೂಡಲೇ ಪರದೆಯ ಮೂಲೆಯಲ್ಲಿ 44, ಕೆಲವೊಮ್ಮೆ 40 ಎಂದು ಕಾಣಿಸುತ್ತಿತ್ತು. ಮಳೆಗಾಲದಲ್ಲಿ ಕಂಬದ ಮೇಲಿನ ಜಾಯಿಂಟಿಗೆ ನೀರಿಳಿದರೆ 28ಕ್ಕೂ ಇಳಿಯುತ್ತಿತ್ತು. ಒಳಗಿನ ಕೋಣೆಯಲ್ಲಿ ಯಾರಾದರೂ ಫೋನ್ ಎತ್ತಿದರೆ ಸಂಪರ್ಕವೇ ಕಡಿದುಹೋಗುತ್ತಿತ್ತು. ಕಷ್ಟದ ಕಾಲ, ಮತ್ತೆ ಬರುವುದು ಬೇಡ. ಆದರೆ ಇಂದು ನಿಮ್ಮ ತಂತಿಯಲ್ಲಿ ಸಿಕ್ಕಿರುವುದು ಇಷ್ಟು ಎಂದು ಆ ಯಂತ್ರ ಪ್ರತಿ ಬಾರಿಯೂ ಎದುರಿಗೇ ಹೇಳುತ್ತಿತ್ತು. ಬ್ರಾಡ್‌ಬ್ಯಾಂಡ್ ಬಂದಾಗ ನಾವು ಕಳೆದುಕೊಂಡದ್ದು ಈ ಒಂದು ಗುಣವನ್ನು.

ಲೆಕ್ಕಕ್ಕೆ ಬರೋಣ. 44 ಕೆಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 5 ಕಿಲೋಬೈಟ್ ಇಳಿಯುತ್ತಿತ್ತು. 5 ಮೆಗಾಬೈಟ್‌ನ ಒಂದು ಹಾಡಿಗೆ ಹದಿನಾರು ಹದಿನೇಳು ನಿಮಿಷ ಬೇಕು. ನೂರು ಎಂಬಿಪಿಎಸ್‌ನಲ್ಲಿ ಅದೇ ಹಾಡು ಅರ್ಧ ಸೆಕೆಂಡಿನೊಳಗೆ ಇಳಿಯುತ್ತದೆ. ಎಂಬಿಪಿಎಸ್ ಎನ್ನುವುದು ಬಿಟ್‌ಗಳ ಲೆಕ್ಕ, ಎಂಟು ಬಿಟ್‌ಗೆ ಒಂದು ಬೈಟ್. ಆದ್ದರಿಂದ ನೂರು ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್. ಅಂಕಿಯ ಪ್ರಕಾರ ಎರಡು ಸಾವಿರ ಪಟ್ಟು ವೇಗ ಹೆಚ್ಚಿದೆ. ಕಾಯುವ ಸಮಯ ಎರಡು ಸಾವಿರ ಪಟ್ಟು ಕಡಿಮೆಯಾಗಿದೆಯೇ? ಇಲ್ಲ. ಆಗ 60 ಕಿಲೋಬೈಟ್‌ನ ಒಂದು ಪುಟಕ್ಕೆ ಹನ್ನೆರಡು ಸೆಕೆಂಡು ಕಾದರೆ, ಈಗ ಎರಡು ಮೂರು ಮೆಗಾಬೈಟ್ ತೂಗುವ ಪುಟಕ್ಕೆ ಮೂರು ಸೆಕೆಂಡು ಕಾಯುತ್ತೇವೆ. ಪುಟಗಳು ದಪ್ಪವಾಗಿವೆ. ಜಾಹೀರಾತುಗಳೂ ಸ್ಕ್ರಿಪ್ಟ್‌ಗಳೂ ಹತ್ತಾರು ಸರ್ವರ್‌ಗಳಿಂದ ಬರುತ್ತವೆ. ಒಂದೊಂದು ಸರ್ವರ್‌ಗೂ ವಿನಂತಿ ಹೋಗಿ ಉತ್ತರ ಬರಬೇಕು.

ಈ ಹೋಗಿಬರುವ ಸಮಯ ಯಾವ ಜಾಹೀರಾತಿನಲ್ಲೂ ಕಾಣುವುದಿಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಲಂಡನ್ನಿನಿಂದ ಬೆಂಗಳೂರಿಗೆ ನೇರ ದೂರವೇ ಎಂಟು ಸಾವಿರ ಕಿಲೋಮೀಟರ್. ಹೋಗಿಬರಲು 80 ಮಿಲಿಸೆಕೆಂಡು ಬೇಕೇ ಬೇಕು. ಸಮುದ್ರದ ಕೇಬಲ್‌ಗಳ ಸುತ್ತುದಾರಿಯಲ್ಲಿ ಅದು ಇನ್ನೂ ಹೆಚ್ಚು. ಒಂದು ಗಿಗಾಬಿಟ್‌ನ, ಅಂದರೆ ಸಾವಿರ ಎಂಬಿಪಿಎಸ್‌ನ, ಪ್ಲ್ಯಾನ್ ಕೊಂಡರೂ ಇದು ಕಡಿಮೆಯಾಗುವುದಿಲ್ಲ. ಸ್ಪೀಡ್ ಟೆಸ್ಟ್ ಒತ್ತಿದಾಗ ಬರುವ ಬೀಗುವ ಅಂಕಿ ಸಾಮಾನ್ಯವಾಗಿ ಹತ್ತಿರದ ಸರ್ವರ್‌ನೊಂದಿಗೆ ಅಳೆದದ್ದು. ಹಾಸನದ ಮನೆಗೂ ನನ್ನ ಮನೆಗೂ ನಡುವಿನ ದಾರಿ ಅದರಲ್ಲಿ ಸೇರಿರುವುದಿಲ್ಲ.

"ಹೆಸರಿಗೆ ಇನ್ನೂರು ಎಂಬಿಪಿಎಸ್ ಕಣೋ, ಸಂಜೆಯಾದರೆ ನಿನ್ನ ಮುಖವೇ ಕಾಣುವುದಿಲ್ಲ" ಎಂದು ಅಕ್ಕ ಹೇಳುತ್ತಾಳೆ. ದೂರು ಕೊಟ್ಟರೆ ಕಂಪನಿಯ ಹುಡುಗ ಬೆಳಿಗ್ಗೆ ಹನ್ನೊಂದು ಗಂಟೆಗೆ ಬಂದು, ರೂಟರ್ ಪಕ್ಕದಲ್ಲೇ ನಿಂತು ಟೆಸ್ಟ್ ಮಾಡಿ, "ನೋಡಿ ಮೇಡಂ, 190 ಬರುತ್ತಿದೆ" ಎಂದು ತೋರಿಸಿ ಹೋಗುತ್ತಾನೆ. ಅವನ ಮಾತೂ ಸುಳ್ಳಲ್ಲ. ಮನೆಗಳಿಗೆ ಕೊಡುವ ಸಾಮಾನ್ಯ ಫೈಬರ್ ವ್ಯವಸ್ಥೆಯಲ್ಲಿ ಸುಮಾರು ಎರಡೂವರೆ ಗಿಗಾಬಿಟ್‌ನ ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಅದರಾಚೆಗೆ ಆಪರೇಟರ್ ತಾನು ಕೊಂಡಿರುವ ಬ್ಯಾಂಡ್‌ವಿಡ್ತ್ ಅನ್ನು ಇಡೀ ಊರಿಗೆ ಹಂಚುತ್ತಾನೆ. ಹಂಚಿಕೆ ತಪ್ಪಲ್ಲ, ಅದರಿಂದಲೇ ಬೆಲೆ ಕೈಗೆಟುಕುತ್ತದೆ. ಆದರೆ ಊರಿಗೆ ಊರೇ ಕ್ರಿಕೆಟ್ ನೋಡುವ ರಾತ್ರಿ ನನ್ನ ಪಾಲು ಎಷ್ಟು ಎಂಬುದನ್ನು ಗ್ರಾಹಕನಿಗೆ ತಿಳಿಸದೆ ಇರುವುದು ತಪ್ಪು.

ಬ್ರಿಟನ್ನಿನಲ್ಲೂ ಹಿಂದೆ ಇದೇ ಕಥೆ. ಗ್ರಾಹಕರಲ್ಲಿ ಶೇಕಡಾ 10 ಜನರಿಗೆ ಸಿಕ್ಕರೂ ಸಾಕು, "ಇಷ್ಟು ಎಂಬಿಪಿಎಸ್‌ವರೆಗೆ" ಎಂದು ಜಾಹೀರಾತು ಹಾಕಬಹುದಿತ್ತು. 2018ರ ಮೇ ತಿಂಗಳಿನಿಂದ ಅದಕ್ಕೆ ತಡೆ ಬಿತ್ತು. ಈಗ ಜಾಹೀರಾತಿನ ಅಂಕಿ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ರಾತ್ರಿ ಎಂಟರಿಂದ ಹತ್ತರ ನಡುವೆ ಸಿಗುವ ವೇಗವಾಗಿರಬೇಕು. ಮರುವರ್ಷ, 2019ರ ಮಾರ್ಚ್‌ನಲ್ಲಿ, ನಿಯಂತ್ರಣ ಸಂಸ್ಥೆ ಆಫ್‌ಕಾಂನ ಸಂಹಿತೆ ಇನ್ನೂ ಬಿಗಿಯಾಯಿತು. ಅದಕ್ಕೆ ಸಹಿ ಹಾಕಿದ ಕಂಪನಿಗಳು ಒಪ್ಪಂದಕ್ಕೆ ಮೊದಲೇ ನಿಮ್ಮ ಮನೆಗೆ ಖಾತರಿಯಾಗಿ ಸಿಗುವ ಕನಿಷ್ಠ ವೇಗವನ್ನು ಹೇಳಬೇಕು. ವೇಗ ಅದಕ್ಕಿಂತ ಕೆಳಗಿಳಿದರೆ ಸರಿಪಡಿಸಲು ಒಂದು ತಿಂಗಳು. ಆಗಲಿಲ್ಲವೇ, ದಂಡವಿಲ್ಲದೆ ಒಪ್ಪಂದ ಮುರಿದುಕೊಂಡು ಹೊರಬರಬಹುದು. ಅಮೆರಿಕದಲ್ಲೂ 2024ರಿಂದ ಬೆಲೆಯ ಜೊತೆಗೆ ಸಾಮಾನ್ಯವಾಗಿ ಸಿಗುವ ವೇಗ ಮತ್ತು ಹೋಗಿಬರುವ ಸಮಯ ಎರಡನ್ನೂ ಮುದ್ರಿಸಿದ ಚೀಟಿ ಕಡ್ಡಾಯವಾಗಿದೆ.

ನಮ್ಮ ದೇಶದಲ್ಲಿ ಏನೂ ಆಗಿಲ್ಲ ಎನ್ನುವುದಿಲ್ಲ. 2004ರಲ್ಲಿ 256 ಕೆಬಿಪಿಎಸ್ ಇದ್ದರೂ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತಿತ್ತು. 2013ರಲ್ಲಿ ಅದು 512 ಆಯಿತು, 2023ರಲ್ಲಿ 2 ಎಂಬಿಪಿಎಸ್. ಡೇಟಾ ಮಿತಿ ಮುಗಿದ ಮೇಲೂ ವೇಗವನ್ನು 512 ಕೆಬಿಪಿಎಸ್‌ಗಿಂತ ಕೆಳಗಿಳಿಸಬಾರದು ಎಂದು 2016ರಲ್ಲಿ ಭಾರತದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಹೇಳಿತು. ಒಂದು ವಿಷಯದಲ್ಲಿ ನಮ್ಮವರೇ ಮುಂದಿದ್ದಾರೆ: ಭಾರತದ ಅನೇಕ ಫೈಬರ್ ಪ್ಲ್ಯಾನ್‌ಗಳಲ್ಲಿ ಇಳಿಯುವ (ಡೌನ್‌ಲೋಡ್) ವೇಗವೂ ಏರುವ (ಅಪ್‌ಲೋಡ್) ವೇಗವೂ ಒಂದೇ. ಇಲ್ಲಿ ಬ್ರಿಟನ್ನಿನಲ್ಲಿ ಇಳಿಯಲು 150 ಎಂಬಿಪಿಎಸ್ ಕೊಟ್ಟು ಏರಲು 30 ಕೊಡುವುದು ಮಾಮೂಲು. ವಿಡಿಯೊ ಕರೆ ಮಾಡುವವರಿಗೆ, ಮನೆಯಿಂದ ಕೆಲಸ ಮಾಡುವವರಿಗೆ ಇದು ದೊಡ್ಡ ವ್ಯತ್ಯಾಸ. ನಮ್ಮ ಮನೆಯಲ್ಲಿ ಮಗಳ ಲ್ಯಾಪ್‌ಟಾಪ್ ಫೋಟೊಗಳನ್ನು ಕ್ಲೌಡಿಗೆ ಏರಿಸತೊಡಗಿದರೆ ಅಕ್ಕನಿಗೆ ನನ್ನ ಧ್ವನಿ ತುಂಡುತುಂಡಾಗಿ ಕೇಳುತ್ತದೆ. ರೂಟರ್‌ನಲ್ಲಿ ಸಾಲುಗಟ್ಟಿ ನಿಂತ ಫೋಟೊಗಳ ಹಿಂದೆ ನನ್ನ ಮಾತು ಸಿಕ್ಕಿಕೊಂಡಿರುತ್ತದೆ.

ಹೊರನಾಡಿನಲ್ಲಿರುವ ನಮ್ಮಂಥವರು ಊರಿನ ಹಿರಿಯರಿಗೆ ಸಂಪರ್ಕ ಹಾಕಿಸುವಾಗ ಹೀಗೆ ಅಳೆಯುವುದು ಒಳ್ಳೆಯದು. ವೈಫೈ ಬಿಟ್ಟು, ಲ್ಯಾಪ್‌ಟಾಪಿಗೆ ಕೇಬಲನ್ನು ರೂಟರ್‌ನಿಂದ ನೇರವಾಗಿ ಚುಚ್ಚಿ, ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ನೋಡಬೇಕು. ಬೆಳಿಗ್ಗೆ 190, ರಾತ್ರಿ 25 ಬಂದರೆ ಆ ಮನೆಯ ವೇಗ 25. ಕೇಬಲ್‌ನಲ್ಲಿ ಚೆನ್ನಾಗಿದ್ದು ನಡುಮನೆಯಾಚೆಯ ಕೋಣೆಯಲ್ಲಿ ವೈಫೈ ವೇಗ ಬಿದ್ದುಹೋದರೆ ತೊಂದರೆ ಗೋಡೆಯದು, ಕಂಪನಿಯದಲ್ಲ. ಹೆಚ್ಚಿನ ಪ್ಲ್ಯಾನ್‌ಗೆ ದುಡ್ಡು ಸುರಿಯುವುದರಿಂದ ಅದು ಹೋಗುವುದಿಲ್ಲ. ಒಂದು ದೊಡ್ಡ ಫೈಲ್ ಏರುತ್ತಿರುವಾಗಲೇ ವಿಡಿಯೊ ಕರೆ ಮಾಡಿಯೂ ನೋಡಬೇಕು.

ಆದರೆ ಎಪ್ಪತ್ತು ದಾಟಿದವರು ಇದನ್ನೆಲ್ಲ ತಾವೇ ಅಳೆದು ಕಂಪನಿಯೊಂದಿಗೆ ವಾದಿಸಬೇಕು ಎನ್ನುವುದು ನ್ಯಾಯವಲ್ಲ. ನಮ್ಮಲ್ಲಿ ಆರು ತಿಂಗಳ, ವರ್ಷದ ಹಣವನ್ನು ಮುಂಗಡವಾಗಿ ಕಟ್ಟಿಸಿಕೊಳ್ಳುವ ರೂಢಿ ಬೇರೆ ಇದೆ. ಹಣ ಕಟ್ಟಿದ ಮೇಲೆ ಗ್ರಾಹಕನ ಕೈ ಕಟ್ಟಿದಂತೆಯೇ. ಬಿಲ್ಲಿನ ಮೇಲೆ ರಾತ್ರಿಯ ವೇಗವನ್ನೂ ಖಾತರಿಯ ಕನಿಷ್ಠ ವೇಗವನ್ನೂ ಮುದ್ರಿಸುವುದನ್ನು ಟ್ರಾಯ್ ಕಡ್ಡಾಯ ಮಾಡಬೇಕು. ಒಂದು ತಿಂಗಳಲ್ಲಿ ಸರಿಪಡಿಸದಿದ್ದರೆ ಉಳಿದ ತಿಂಗಳುಗಳ ಹಣ ಗ್ರಾಹಕನ ಖಾತೆಗೆ ವಾಪಸ್ ಬರಬೇಕು.